ಎಣ್ಣೆ ಬಿದ್ದ ಬೀಗ

ಬೀಗದಣ್ಣ ನನಗಿಂತ ನಾಲ್ಕು ವರ್ಷ ಚಿಕ್ಕವನು. ಆದರೂ ಬೀದಿಗೆಲ್ಲ ಅಣ್ಣನಾದ್ದರಿಂದ ನನಗೂ ಅಣ್ಣನೇ. ಅವನ ಬೀಗದ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ಅರದ ಕಿರಿಕಿರಿ ನನಗೆ, ನನ್ನ ಮಿಷಿನ್ನಿನ ಗಡಗಡ ಅವನಿಗೆ. ಮೂವತ್ತು ವರ್ಷದಿಂದ ಇಬ್ಬರೂ ಸಹಿಸಿಕೊಂಡು ಬಂದಿದ್ದೇವೆ.

ಅವನಿಗೊಂದು ಹಟ. ಮಾಲೀಕರು ಎದುರಿಗಿಲ್ಲದೆ ಯಾವ ಬೀಗವನ್ನೂ ತೆಗೆಯುವುದಿಲ್ಲ. ಸ್ವಂತ ಮನೆಯ ಕೀಲಿ ಮರೆತ ದಿನವೂ ಅಷ್ಟೇ, ಹತ್ಯಾರದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಬರುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಮನೆ ಅವಳ ಹೆಸರಿನಲ್ಲಿದೆಯಲ್ಲ, ಅದಕ್ಕೆ. "ಊರಿಗೆಲ್ಲ ಬೀಗ ತೆಗೆಯೋನು ಮನೆ ಹೊರಗೆ ಕಾಯ್ತಾನೆ" ಎಂದು ಅವಳು ಬೈಯುತ್ತಲೇ ಬಾಗಿಲು ತೆರೆಯುತ್ತಾಳೆ.

ನಮ್ಮ 'ಮನೆಬಾಗಿಲು ಬಳಗ' ಹುಟ್ಟಿದ್ದೇ ಈ ಹಟದಿಂದ. ಹನ್ನೊಂದು ವರ್ಷದ ಹಿಂದೆ ಪುರಸಭೆಯವರು ರಸ್ತೆ ಅಳೆಯಲು ಬಂದಾಗ, ಮಗಳ ಮನೆಗೆ ಹೋಗಿದ್ದ ಒಬ್ಬ ಅಜ್ಜಿಯ ಮನೆ ಬೀಗ ತೆಗೆಯಲು ಇವನನ್ನು ಕರೆದರು. "ಅಜ್ಜಿ ಬರಲಿ, ತೆಗಿ ಅನ್ನಲಿ, ತೆಗೀತೀನಿ" ಎಂದ. ಅವರು ಸುತ್ತಿಗೆಯಿಂದ ಹೊಡೆದು ಒಳಗೆ ಹೋದರು. ಆ ಸಂಜೆ ನನ್ನ ಅಂಗಡಿಯಲ್ಲಿ ಏಳು ಜನ ಸೇರಿದೆವು. ನಾವು ಹಳೆಯ ಕಾಲದವರು, ಹಾಗೆಂದು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಸರ್ಕಾರವಾದರೂ, ನಾವಾದರೂ, ಪರರ ಬಾಗಿಲನ್ನು ತಟ್ಟಿಯೇ ಹೋಗಬೇಕು. ಮನೆಯವರೋ ನೆರೆಯವರೋ ಮಾಡಬಹುದಾದ ಕೆಲಸವನ್ನು ಸರ್ಕಾರದ ತಲೆಗೆ ಕಟ್ಟಬಾರದು. ಹಿರಿಯರು ಕಟ್ಟಿದ್ದನ್ನು ಕೆಡವುವ ಮೊದಲು ಯಾಕೆ ಕಟ್ಟಿದರು ಎಂದು ಕೇಳಬೇಕು. ನಮ್ಮವರಿಗೂ ಪರರಿಗೂ ಒಂದೇ ನಿಯಮ. ಹೀಗೆ ಬರೆದುಕೊಂಡೆವು. ಮೊದಲನೆಯದು ಬೀಗದಣ್ಣನ ಬಾಯಿಂದ ಬಂದದ್ದು.

ವಾರಕ್ಕೊಮ್ಮೆ ಸಭೆ. ಗಂಟಲು ದೊಡ್ಡದು ಎಂದು ನಿಯಮ ಓದುವ ಕೆಲಸ ನನಗೆ ಬಿತ್ತು. ಒಂದೊಂದನ್ನು ಓದಿ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಅಷ್ಟರೊಳಗೆ, ಆ ನಿಯಮ ಮುರಿದವರು ತಾವಾಗಿಯೇ ಎದ್ದು ನಿಲ್ಲಬೇಕು. ಇನ್ನೊಬ್ಬರತ್ತ ಬೆರಳು ತೋರಿಸುವ ಹಾಗಿಲ್ಲ. ಸಾಮಾನ್ಯವಾಗಿ ಏಳುವವರು ಚಿಲ್ಲರೆ ಪಾಪದವರು. ಒಮ್ಮೆ ಕ್ಷೌರದಂಗಡಿಯವನು, ತಾನೇ ವಾಷರ್ ಹಾಕಬಹುದಾಗಿದ್ದ ನಲ್ಲಿಗೆ ಪುರಸಭೆಗೆ ಅರ್ಜಿ ಬರೆದೆ ಎಂದು ಎದ್ದು ನಿಂತು ನಮ್ಮನ್ನೆಲ್ಲ ನಗಿಸಿದ್ದ.

ಈ ವರ್ಷ ವಾರ್ಡಿನ ಚುನಾವಣೆಗೆ ನಮ್ಮ ಕಡೆಯಿಂದ ನಿಂತವಳು ಬೀಗದಣ್ಣನ ಒಬ್ಬಳೇ ಮಗಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಪ್ಪನಂತೆ ಮಾತು ಕಡಿಮೆ, ಹಟ ಜಾಸ್ತಿ. ಎದುರಾಳಿ ಮೂಲೆಯ ಔಷಧಿ ಅಂಗಡಿಯಾಕೆ. ಆಕೆ ಚುನಾವಣೆಗೆಂದು ಬಾಡಿಗೆಗೆ ಹಿಡಿದ ಕೋಣೆ ನಮ್ಮ ಅಧ್ಯಕ್ಷರಾದ ಮರದ ಡಿಪೋದವರದ್ದು.

ಮತದಾನಕ್ಕೆ ಐದು ದಿನವಿದ್ದಾಗ ಔಷಧಿ ಅಂಗಡಿಯಾಕೆ ಬೀದಿಯ ನಡುವೆ ನಿಂತು ಕೂಗಾಡಿದಳು. ಯಾರೋ ತನ್ನ ಕೋಣೆಯ ಬೀಗ ತೆಗೆದು ಒಳಹೊಕ್ಕಿದ್ದಾರಂತೆ. ಬೀಗ ಮುರಿದಿಲ್ಲ, ಏನೂ ಹೋಗಿಲ್ಲ. ಮತ್ತೆ ಹೇಗೆ ಗೊತ್ತಾಯಿತು ಎಂದರೆ, "ನಾನು ತಂದು ಹಾಕಿದ ಹಳೇ ಬೀಗ ಅದು, ಮೊದಲ ದಿನದಿಂದ ಕೀಲಿ ತಿರುಗಿಸೋಕೆ ಬಿಡ್ತಿರಲಿಲ್ಲ, ಎರಡೂ ಕೈ ಬೇಕಿತ್ತು. ಇವತ್ತು ಬೆಳಿಗ್ಗೆ ಬೆಣ್ಣೆ ತರ ತಿರುಗಿತು. ಯಾರೋ ಎಣ್ಣೆ ಬಿಟ್ಟಿದ್ದಾರೆ" ಎಂದಳು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಎಣ್ಣೆ ಹಾಕಿ ಹೋಗುವ ಕಳ್ಳನಿದ್ದರೆ ನಮ್ಮ ಮನೆಗೂ ಕಳಿಸಮ್ಮ ಎಂದು ಯಾರೋ ಅಂದರು.

ನಾನು ಮಾತ್ರ ನಗಲಿಲ್ಲ. ಒಣಗಿದ ಬೀಗ ಕೈಗೆ ಸಿಕ್ಕರೆ ಎಣ್ಣೆ ಬಿಡದೆ ಇರಲಾರದವನು ನನಗೆ ಗೊತ್ತಿದ್ದಂತೆ ಒಬ್ಬನೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಅವನ ಅಂಗಡಿಗೆ ಹೋದೆ. ಅರ ಹಿಡಿದು ಕೂತಿದ್ದ, ಆದರೆ ಉಜ್ಜುತ್ತಿರಲಿಲ್ಲ.

"ನೀನೇನಾ?" ಎಂದೆ.

"ಹೂಂ ಅಕ್ಕ."

ಹಿಂದಿನ ಮಧ್ಯಾಹ್ನ, ಬೀದಿ ಉಂಡು ಮಲಗಿದ್ದ ಹೊತ್ತಿನಲ್ಲಿ, ಡಿಪೋದವರು ಅವನನ್ನು ಕರೆದುಕೊಂಡು ಹೋಗಿದ್ದರು. ಸತ್ತವರ ಹೆಸರಿನ ಮತದಾರರ ಚೀಟಿಗಳು ಕೋಣೆಯೊಳಗಿವೆ, ನಿನ್ನ ಮಗಳು ಮೋಸದಿಂದ ಸೋಲುತ್ತಾಳೆ ಎಂದಿದ್ದರು. "ಕಟ್ಟಡ ನಂದು. ಮಾಲೀಕ ಎದುರಿಗೇ ಇದ್ದೀನಲ್ಲ. ನಿನ್ನ ನಿಯಮಾನೂ ಉಳೀತು" ಎಂದರಂತೆ. ಒಳಗೆ ಇದ್ದದ್ದು ನಾಲ್ಕು ಕುರ್ಚಿ, ಕರಪತ್ರದ ಕಟ್ಟು, ತೊಳೆಯದ ಒಂದು ಊಟದ ಡಬ್ಬಿ.

"ಡಬ್ಬಿ ನೋಡಿದಾಗ ಗೊತ್ತಾಯ್ತು ಅಕ್ಕ. ಗೋಡೆ ಅವರದ್ದು. ಬೀಗ ಆಕೆಯದ್ದು. ನಾನು ಗೋಡೆಯವರನ್ನ ಕೇಳಿ ಬೀಗ ತೆಗೆದುಬಿಟ್ಟೆ."

"ಎಣ್ಣೆ ಯಾಕೆ ಹಾಕ್ದೆ, ಪುಣ್ಯಾತ್ಮ?"

"ತುಕ್ಕು ಹಿಡಿದಿತ್ತು" ಎಂದ. ಅಳುವುದೋ ನಗುವುದೋ ನನಗೆ ತಿಳಿಯಲಿಲ್ಲ.

"ಸಭೇಲಿ ಏಳ್ತೀಯಾ?"

ಅವನು ತಲೆ ಎತ್ತಲಿಲ್ಲ. "ಎದ್ದರೆ ಮಗಳು ಸೋಲ್ತಾಳೆ. ಮೂರು ತಿಂಗಳಿಂದ ಮನೆ ಮನೆ ತಿರುಗಿದ್ದಾಳೆ. ಅವಳಿಗೇನೂ ಗೊತ್ತಿಲ್ಲ. ನೀನೂ ಹೇಳಬೇಡ" ಎಂದ. ಬಿಸಿತುಪ್ಪವನ್ನು ತಾನು ಬಾಯಿಗೆ ಹಾಕಿಕೊಂಡು ನನ್ನ ಬಾಯಿಗೂ ಹಾಕಿದ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮರುದಿನ ಸಂಜೆ ಐದಕ್ಕೆ ಸಭೆ. ನನ್ನ ಅಂಗಡಿಯೊಳಗೆ ಮೂವತ್ತು ಜನ. ಕತ್ತರಿಸುವ ಮೇಜಿನ ಮೇಲೂ ಕೂತಿದ್ದರು. ಮಗಳ ಕೈಯಲ್ಲೊಂದು ಹಾಳೆ ಇತ್ತು. ಸಭೆ ಮುಗಿದ ಮೇಲೆ ಬೀದಿಯಲ್ಲಿ ನಿಂತು ಓದಲೆಂದು ಡಿಪೋದವರು ಹೇಳಿ ಬರೆಸಿದ್ದ ಹೇಳಿಕೆ. ಕೊನೆಯ ಸಾಲನ್ನು ಮಾತ್ರ ಅವಳೇ ಸೇರಿಸಿದ್ದಳಂತೆ. ನನಗೆ ತೋರಿಸಿದಳು: 'ನಮ್ಮ ಬಳಗದ ಯಾರೂ ಆ ಬೀಗ ಮುಟ್ಟಿಲ್ಲ. ಪರರ ಬಾಗಿಲು ಮುಟ್ಟಬಾರದೆಂದು ನಮಗೆ ಕಲಿಸಿದ ನನ್ನ ಅಪ್ಪನ ಕಸುಬಿನ ಮೇಲಾಣೆ.' ಅಕ್ಷರ ದುಂಡಗಿತ್ತು. ಹಾಳೆಯನ್ನು ಅವಳ ಕೈಗೇ ಮರಳಿಸಿದೆ.

ಆಗಲೇ ಔಷಧಿ ಅಂಗಡಿಯಾಕೆ ಬಂದು ಹೊಸ್ತಿಲ ಹೊರಗೆ ನಿಂತಳು. ಸಭೆಯ ಬಾಗಿಲು ತೆರೆದೇ ಇರಬೇಕೆಂಬುದೂ ನಮ್ಮದೇ ನಿಯಮ. ಯಾರೂ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಓದಿದೆ. "ಸರ್ಕಾರವಾದರೂ, ನಾವಾದರೂ, ಪರರ ಬಾಗಿಲನ್ನು ತಟ್ಟಿಯೇ ಹೋಗಬೇಕು."

ಎಣಿಸಿದೆ. ಒಂದು, ಎರಡು. ಬೀಗದಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಡಿಪೋದವರು ಛಾವಣಿ ನೋಡುತ್ತಿದ್ದರು. ಐದು, ಆರು. ಮಗಳು ಹಾಳೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. ಒಂಬತ್ತು. ಹತ್ತು. ಯಾರೂ ಏಳಲಿಲ್ಲ.

"ಮುಂದಕ್ಕೆ ಓದಿ ಟೈಲರಕ್ಕ" ಎಂದರು ಡಿಪೋದವರು.

ನನ್ನ ಸಿಟ್ಟು ಬೀದಿಗೆಲ್ಲ ಗೊತ್ತಿರುವಂಥದ್ದೇ. ಆದರೆ ಅವತ್ತು ಬಂದದ್ದು ಸಿಟ್ಟಲ್ಲ, ಹೆದರಿಕೆ. ಮುಂದಕ್ಕೆ ಓದಿದರೆ ಆ ಹುಡುಗಿ ಬೀದಿಗೆ ಹೋಗಿ ಅಪ್ಪನ ಮೇಲೆ ಸುಳ್ಳಾಣೆ ಇಡುತ್ತಾಳೆ. ನಾನು ಮೊದಲನೆಯದನ್ನೇ ಇನ್ನೊಮ್ಮೆ ಓದಿದೆ.

"ಓದಾಯ್ತಲ್ಲ" ಎಂದರು ಡಿಪೋದವರು.

"ನನಗೆ ಸರಿಯಾಗಿ ಕೇಳಿಸಲಿಲ್ಲ" ಎಂದು ಮತ್ತೆ ಒಂದರಿಂದ ಎಣಿಸತೊಡಗಿದೆ.

ನಾಲ್ಕಕ್ಕೆ ಬೀಗದಣ್ಣ ಎದ್ದ. ಕುರ್ಚಿ ಹಿಡಿದುಕೊಂಡು ಎದ್ದ, ಮಂಡಿ ನೋವಿನವರ ಹಾಗೆ.

"ಆ ಬೀಗ ತೆಗೆದದ್ದು ನಾನು. ಎಣ್ಣೆ ಹಾಕಿದ್ದೂ ನಾನೇ. ಆಯಮ್ಮ ಹೇಳಿದ್ದು ನಿಜ."

ಮಗಳು ಅವನತ್ತ ತಿರುಗಿದಳು. "ಒಬ್ಬನೇ ಹೋಗಿದ್ಯಾ ಅಪ್ಪ?" ಎಂದಳು.

"ನನ್ನದನ್ನ ನಾನು ಹೇಳಿದೆ. ಇನ್ನೊಬ್ಬರದ್ದು ಹೇಳೋದು ನಿಯಮದಲ್ಲಿಲ್ಲ."

ನಾನು ಡಿಪೋದವರ ಮುಖವನ್ನೇ ನೋಡಿದೆ. ಅವರು ಕೂತಲ್ಲಿಂದ ಕದಲಲಿಲ್ಲ. ಹೊಸ್ತಿಲಾಚೆಯಿಂದ ಔಷಧಿ ಅಂಗಡಿಯಾಕೆ, "ಕೇಳಿದ್ದರೆ ನಾನೇ ತೆಗೆದು ತೋರಿಸ್ತಿದ್ದೆ" ಎಂದಳು. ಅಷ್ಟು ಹೇಳಿ ಹೊರಟುಹೋದಳು. ಕೂಗಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಬಾಗಿಲ ನಿಯಮ ಮುರಿದವರು ಒಂದು ವರ್ಷ ಬಳಗದ ಹೊರಗಿರಬೇಕು, ಅದಕ್ಕೆ ಕೈ ಎತ್ತಿ ಒಪ್ಪಿಗೆ ಕೊಡಬೇಕು. ಯಾರೋ ನಿಧಾನಕ್ಕೆ, "ಚುನಾವಣೆ ಮುಗೀಲಿ, ಆಮೇಲೆ ನೋಡೋಣ" ಎಂದರು. ಹಲವರು ತಲೆಯಾಡಿಸಿದರು. ನಾನೂ ಆಡಿಸಿದೆನೇನೋ, ಸುಳ್ಳೇಕೆ ಹೇಳಲಿ.

ಮಗಳು ಹಾಳೆಯನ್ನು ಚೀಲದೊಳಗಿಟ್ಟು ಎದ್ದಳು. "ನಮ್ಮವರಿಗೂ ಪರರಿಗೂ ಒಂದೇ ನಿಯಮ ಅಂತ ಮನೆ ಮನೇಲಿ ಹೇಳಿಕೊಂಡು ಬಂದಿದ್ದೀನಿ" ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಅಪ್ಪನ ಕಡೆ ನೋಡದೆಯೇ ಎತ್ತಿದಳು. ಆಮೇಲೆ ಒಂದೊಂದಾಗಿ ಕೈಗಳು ಮೇಲೆ ಹೋದವು. ಡಿಪೋದವರ ಕೈಯೂ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ, ಮೇಯ್ದ ಬೇಲಿ ತೀರ್ಪು ಕೊಡುವುದನ್ನು ಅವತ್ತೇ ಕಂಡದ್ದು.

ಹುಡುಗಿ ನಲವತ್ತು ಮತದಿಂದ ಸೋತಳು. ಡಿಪೋದವರು ಈಗಲೂ ಅಧ್ಯಕ್ಷರು. ಮೊದಲನೆಯ ನಿಯಮಕ್ಕೆ ಹತ್ತು ಎಣಿಸುತ್ತಿದ್ದ ನಾನು ಈಗ ಅವರನ್ನೇ ನೋಡುತ್ತ ಇಪ್ಪತ್ತು ಎಣಿಸುತ್ತೇನೆ. ಮುಂದಿನ ತಿಂಗಳಿಂದ ಮೂವತ್ತು ಎಣಿಸಬೇಕೆಂದಿದ್ದೇನೆ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಸಭೆಯ ಸಂಜೆಯೇ. ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಇನ್ನೂ ಬೆಳಕಿತ್ತು. ಬೀಗದಣ್ಣನ ಮನೆ ನಮ್ಮ ಮನೆಗೆ ಎದುರು. ಬಾಗಿಲಿಗೆ ಬೀಗ. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಮಗಳು ಬಂದು ಎದುರಿಗೆ ನಿಂತಳು. ಅತ್ತಿದ್ದಳೆಂದು ದೂರಕ್ಕೇ ಗೊತ್ತಾಗುತ್ತಿತ್ತು.

"ಅಮ್ಮ ಬರೋದು ಏಳಕ್ಕೆ. ನನ್ನ ಹತ್ರನೂ ಕೀಲಿ ಇಲ್ಲ" ಎಂದಳು. ಚೀಲದ ಕಡೆ ನೋಡಿ, "ತೆಗಿ ಅಪ್ಪ. ನಾನಿದ್ದೀನಲ್ಲ ಎದುರಿಗೆ" ಎಂದಳು.

"ಮನೆ ನಿಮ್ಮಮ್ಮನದ್ದು" ಎಂದ ಬೀಗದಣ್ಣ.

ಅವಳು ಚಪ್ಪಲಿ ಬಿಟ್ಟು, ಅವನ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಏಳು ಗಂಟೆಯವರೆಗೆ ಇಬ್ಬರೂ ಹಾಗೇ ಕೂತಿದ್ದರು.