ಸಿಟ್ಟು ಮಾಡಬೇಕಾದ ಅತಿಥಿ

ಮಸ್ಕತ್ತಿನ ಮತ್ರಾದ ಹಳೆಯ ಬಂದರಿನ ಪಕ್ಕ ಹೊಸದಾಗಿ ಎದ್ದಿರುವ ಹೋಟೆಲಿನಲ್ಲಿ ನಮಗೊಂದು ದಿನ ಪುಕ್ಕಟೆ ರೂಮು ಸಿಗುತ್ತದೆ ಎಂದು ನನ್ನ ಗಂಡ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಅವರು ಆ ಹೋಟೆಲಿನ ಏಸಿ ಕೆಲಸದ ಉಸ್ತುವಾರಿ. ಒಂದೂವರೆ ವರ್ಷದಿಂದ ವಾರವಿಡೀ ಮಸ್ಕತ್ತಿನ ಕ್ಯಾಂಪಿನಲ್ಲಿದ್ದು, ಗುರುವಾರ ಸಂಜೆ ನಾನೂ ಮಗಳೂ ಇರುವ ನಿಜ್ವಾಕ್ಕೆ ಬಂದು, ಶನಿವಾರ ಬಟ್ಟೆಯ ಬ್ಯಾಗು ಹಿಡಿದು ಮತ್ತೆ ಹೊರಡುತ್ತಿದ್ದರು. ಎಷ್ಟೋ ವಾರ ಅದೂ ಇಲ್ಲ.

"ಹೋಟೆಲು ಓಪನ್ ಆಗುವ ಮೊದಲು ಸ್ಟಾಫಿಗೆ ಪ್ರ್ಯಾಕ್ಟೀಸ್ ಬೇಕಲ್ಲ ಮಾರಾಯ್ತಿ," ಅಂದರು. "ಹಾಗೆ ಕೆಲಸ ಮಾಡಿದವರ ಫ್ಯಾಮಿಲಿಗಳನ್ನೇ ಗೆಸ್ಟ್ ಅಂತ ಕರೀತಿದ್ದಾರೆ. ಉಂಡು, ಮಲಗಿ, ಎಂತ ಸರಿ ಇಲ್ಲ ಅಂತ ಹೇಳಿದ್ರೆ ಆಯ್ತು."

ಶುಕ್ರವಾರ ಬೆಳಿಗ್ಗೆ ಏಳನೆಯ ಕ್ಲಾಸಿನ ಮಗಳನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ನಾನು ನಿಜ್ವಾದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಫೈಲು ನೋಡಿಕೊಳ್ಳುವವಳು. ದೊಡ್ಡ ಹೋಟೆಲಿನಲ್ಲಿ ಉಳಿದ ಅಭ್ಯಾಸವಿಲ್ಲ. ಹಾಗಾಗಿ ನನ್ನ ಒಳ್ಳೆಯ ಸೀರೆ ಉಟ್ಟಿದ್ದೆ. ಮಗಳು ದಾರಿಯಿಡೀ ಈಜುಕೊಳದ ಬಗ್ಗೆ ಮಾತಾಡಿದಳು.

ಫೋಟೋಗಳಲ್ಲಿ ನೋಡಿದ್ದ ಮತ್ರಾ ಗುರುತೇ ಸಿಗದ ಹಾಗಿತ್ತು. ಸರಕಿನ ಹಡಗುಗಳು ಸೊಹಾರ್‌ ಬಂದರಿಗೆ ಹೋಗಿ ವರ್ಷಗಳಾದವು. ಹಳೆಯ ಗೋದಾಮುಗಳಿದ್ದ ಕಡೆ ಈಗ ಉದ್ದಕ್ಕೂ ತಗಡಿನ ಬೇಲಿ, ಬೇಲಿಯ ಮೇಲೆ ಮುಂದೆ ಬರಲಿರುವ ತೋಟ, ಅಂಗಡಿಗಳ ಚಿತ್ರ. ಚಿತ್ರದಲ್ಲಿ ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಿದ್ದರು. ಬೇಲಿಯಾಚೆ ಜೆಸಿಬಿಗಳು. ಅವುಗಳ ನಡುವೆ ಒಗೆದು ಇಸ್ತ್ರಿ ಮಾಡಿದ ಹಾಗೆ ಬೆಳ್ಳಗಿನ ಹೋಟೆಲು.

ಗಂಡ ಬಾಗಿಲಲ್ಲೇ ಕಾಯುತ್ತಿದ್ದರು. ಲಾಬಿಯಲ್ಲಿ ಇನ್ನೂ ಪೇಂಟಿನ ವಾಸನೆ ಇತ್ತು. ನಮ್ಮಂಥ ಎಂಟು ಹತ್ತು ಸಂಸಾರಗಳು ಸೋಫಾದ ಅಂಚಿನಲ್ಲಿ ಕೂತಿದ್ದವು. ತರಬೇತಿ ಕೊಡುವ ಹೈದರಾಬಾದಿನ ಮ್ಯಾನೇಜರರು ಬಂದು ಸ್ವಾಗತ ಹೇಳಿ, ಒಂದು ಗಾಜಿನ ಬೋಗುಣಿ ಮುಂದೆ ಹಿಡಿದರು. ಒಳಗೆ ಮಡಚಿದ ಚೀಟಿಗಳು. ಪ್ರತಿ ಸಂಸಾರವೂ ಒಂದನ್ನು ಎತ್ತಿ, ಅದರಲ್ಲಿ ಬರೆದ ಅತಿಥಿಯ ಹಾಗೆ ನಡೆದುಕೊಳ್ಳಬೇಕಂತೆ. ಚೀಟಿ ಎತ್ತಿದವರೇ ಮಾತಾಡಬೇಕು.

ಲಿಫ್ಟ್ ಹಾಕಿದ ಕೇರಳದವರಿಗೆ ಕೀಲಿ ಕಳೆದುಕೊಂಡ ಅತಿಥಿಯ ಪಾತ್ರ ಬಂತು. ನಾನು ಎತ್ತಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಸಮುದ್ರ ಕಾಣುವ ರೂಮು ಬುಕ್ ಮಾಡಿದ್ದೀರಿ, ಕೊಟ್ಟದ್ದು ಹಿಂಬದಿಯ ರೂಮು, ನಿಮಗೆ ವಿಪರೀತ ಸಿಟ್ಟು ಬಂದಿದೆ.

ಗಂಡ ಓದಿ ನಗಲಿಕ್ಕೆ ಶುರು ಮಾಡಿದರು. "ಇವಳಿಗೆ ಸಿಟ್ಟಾ? ಚೀಟಿ ಬದಲು ಮಾಡಿ ಸರ್."

ಬದಲು ಮಾಡಲಿಲ್ಲ. ನಾನು ಕೌಂಟರಿಗೆ ಹೋದೆ. ಅಲ್ಲಿ ನಿಂತಿದ್ದ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇದ್ದೀತು. ನೀಲಿ ಸ್ಕಾರ್ಫನ್ನು ತಲೆಗೆ ಒಪ್ಪವಾಗಿ ಸುತ್ತಿಕೊಂಡಿದ್ದಳು. ಕೈಯಲ್ಲಿದ್ದ ಪೆನ್ನಿನ ಕ್ಯಾಪು ತೆಗೆಯುತ್ತಾ ಹಾಕುತ್ತಾ ಇದ್ದಳು.

"ನನಗೆ ಸಮುದ್ರ ಕಾಣುವ ರೂಮು ಬೇಕಿತ್ತು," ಅಂದೆ ಇಂಗ್ಲಿಷಿನಲ್ಲಿ.

"ಸಾರಿ ಮೇಡಂ, ಸಾರಿ, ಸಾರಿ," ಅಂದಳು. ಕಣ್ಣು ತುಂಬಿಯೇ ಬಿಟ್ಟಿತು.

"ಅಯ್ಯೋ, ಪರವಾಗಿಲ್ಲ, ಹಿಂದಿನ ರೂಮೂ ಚಂದ ಇರಬಹುದು," ಅಂತ ನಾನೇ ಅವಳ ಕೈ ತಟ್ಟಿದೆ. "ಎಲ್ಲಿಯವಳಮ್ಮ ನೀನು?" ಸುವೈಕ್ ಎಂಬ ಊರಿನವಳಂತೆ. ಅಲ್ಲಿಯ ಪೇಟೆಯಲ್ಲಿ ಅಪ್ಪನಿಗೆ ಬಟ್ಟೆ ಅಂಗಡಿ. ಇದು ಮೊದಲ ಕೆಲಸ. ಬೆಳಗ್ಗಿನಿಂದ ಅಮ್ಮ ಮೂರು ಸಲ ಫೋನು ಮಾಡಿದ್ದಾರೆ. ಊಟ ಆಯಿತಾ ಎಂದು ನಾನು ಕೇಳುವಷ್ಟರಲ್ಲಿ ಮ್ಯಾನೇಜರರು ನಡುವೆ ಬಂದರು.

"ಮೇಡಂ, ಗುಸ್ಸಾ ಬಹುತ್ ಕಮ್ ಹೈ," ಅಂದರು. ಸಿಟ್ಟು ಸಾಲದು, ಮತ್ತೊಮ್ಮೆ ಮಾಡಿ.

ಎರಡನೆಯ ಸಲ 'ಪ್ಲೀಸ್' ಎಂದುಬಿಟ್ಟೆ. ಮಗಳು ತಲೆಗೆ ಕೈ ಇಟ್ಟುಕೊಂಡು, "ಅಮ್ಮಾ, ಯು ಆರ್ ಸೋ ಬ್ಯಾಡ್ ಅಟ್ ದಿಸ್," ಅಂದಳು. ಸೋಫಾದಲ್ಲಿದ್ದವರೆಲ್ಲ ನಕ್ಕರು. ಗಂಡ ಮೆಲ್ಲಗೆ ಪಕ್ಕಕ್ಕೆ ಬಂದು, "ಯಾವುದಾದರೂ ಹಳೇ ಸಿಟ್ಟು ನೆನಪು ಮಾಡಿಕೋ. ಇಲ್ಲದಿದ್ದರೆ ಬಿಡು, ಬರುವ ವಾರ ಪುನಃ ಟ್ರಯಲ್ ಉಂಟಂತೆ, ಆಗ ಮಾಡಿದರಾಯಿತು," ಅಂದರು.

ಬರುವ ವಾರ. ಆ ಎರಡು ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಕೌಂಟರಿಗೆ ಬಡಿದೆ. ಬಾಯಿಂದ ಬಂದದ್ದು ಇಂಗ್ಲಿಷ್ ಅಲ್ಲ, ತುಳು.

"ಬರ್ಪಿ ವಾರ, ಬರ್ಪಿ ವಾರ! ಏತ್ ಬರ್ಪಿ ವಾರ ಆಂಡ್!"

ಎಷ್ಟು 'ಬರುವ ವಾರ' ಕಳೆಯಿತು ಎಂದು ಕೇಳಿದ್ದಲ್ಲದೆ ಒಂದೊಂದನ್ನೂ ಹೇಳಿದೆ. ಮಗಳ ಸ್ಕೂಲ್ ಡೇಗೆ ಬರುವ ವಾರ, ನನ್ನ ಹುಟ್ಟಿದ ಹಬ್ಬಕ್ಕೆ ಬರುವ ವಾರ. ಕಡಲ ಮಗ್ಗುಲಲ್ಲಿ ಹುಟ್ಟಿ ಬೆಳೆದವಳನ್ನು ತಂದು ಬೆಟ್ಟಗಳ ನಡುವೆ ಇಟ್ಟು, ಕಡಲು ತೋರಿಸುತ್ತೇನೆ ಎಂದಿರಿ, ತೋರಿಸಿದಿರಾ? ಒಂದೂವರೆ ವರ್ಷ ನೀವೊಬ್ಬರೇ ನೋಡಿದಿರಿ!

ನನ್ನ ಸ್ವರ ಲಾಬಿಯ ಎತ್ತರದ ಮಾಡಿಗೆ ತಾಗಿ ವಾಪಸು ಬರುತ್ತಿತ್ತು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಗಂಡನಿಗೂ ಮಗಳಿಗೂ ಬಿಟ್ಟು. ಗಂಡನ ನಗು ನಿಂತುಹೋಗಿತ್ತು.

ಆಗ ಆ ಸುವೈಕಿನ ಹುಡುಗಿ ಪೆನ್ನು ಕೆಳಗಿಟ್ಟಳು. ನೆಟ್ಟಗೆ ನಿಂತು, ನನ್ನ ಮುಖವನ್ನೇ ನೋಡುತ್ತಾ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು: "ಮೇಡಂ, ನಿಮ್ಮನ್ನು ತುಂಬಾ ಕಾಯಿಸಿದ್ದಾರೆ. ಅದು ತಪ್ಪು. ಇನ್ನು ಕಾಯಿಸುವುದಿಲ್ಲ. ಸಮುದ್ರದ ರೂಮು ಈಗಲೇ ಕೊಡುತ್ತೇನೆ."

ಮ್ಯಾನೇಜರರು ಚಪ್ಪಾಳೆ ತಟ್ಟಿದರು. ಲಿಫ್ಟಿನವರ ಹೆಂಡತಿ ಎದ್ದು ನಿಂತು ತಟ್ಟಿದಳು. ನನಗೆ ನಾಚಿಕೆಯೂ ಆಯಿತು, ಮೈ ಹಗುರವೂ ಆಯಿತು.

ರೂಮು ಐದನೆಯ ಮಹಡಿಯಲ್ಲಿತ್ತು. ಬಾಲ್ಕನಿಯ ಎಡಕ್ಕೆ ಕಡಲು, ದೋಣಿಗಳು, ಗುಡ್ಡದ ಮೇಲಿನ ಕೋಟೆ. ಬಲಕ್ಕೆ ಮಣ್ಣಿನ ರಾಶಿಗಳು, ಅಗೆದ ಹೊಂಡಗಳು. "ದಿಸ್ ಈಸ್ ಹಾಫ್ ಸೀ ವ್ಯೂ, ಹಾಫ್ ಜೆಸಿಬಿ ವ್ಯೂ," ಎಂದು ತೀರ್ಪು ಕೊಟ್ಟ ಮಗಳು ಈಜುಕೊಳ ನೋಡಲು ಇಳಿದಳು. ಎರಡೇ ನಿಮಿಷಕ್ಕೆ ಹತ್ತಿ ಬಂದಳು. ಕೊಳಕ್ಕೆ ಇನ್ನೂ ನೀರು ಬಿಟ್ಟಿರಲಿಲ್ಲ.

ಗಂಡ ಬಾಲ್ಕನಿಯಲ್ಲಿ ನನ್ನ ಪಕ್ಕ ಬಂದು ನಿಂತರು.

"ಅದು ನಾಟಕ ಅಲ್ಲ ಅಲ್ವಾ?"

"ಅಲ್ಲ," ಅಂದೆ.

"ನಂಗೆ ಗೊತ್ತಾಯ್ತು." ಕಡಲ ಕಡೆ ನೋಡುತ್ತಾ ತಲೆ ಕೆರೆದುಕೊಂಡರು. "ನೀನು ಎಂತದೂ ಹೇಳುವುದಿಲ್ಲ ಅಲ್ವಾ, ಹಾಗೆ ಎಲ್ಲ ಸರಿ ಉಂಟು ಅಂತ ತಿಳ್ಕೊಂಡೆ ಮಾರಾಯ್ತಿ."

ಆಮೇಲೆ ಫೋನು ತೆಗೆದು ಸೈಟಿನವರಿಗೆ ಹೇಳಿದರು: "ನಾಳೆ ನಾನು ಸಿಗುವುದಿಲ್ಲ. ಇಲ್ಲ, ಸಂಜೆಯೂ ಇಲ್ಲ. ಖಲಾಸ್." ಅವರು ಕೆಲಸದವರಿಗೆ ಖಲಾಸ್ ಹೇಳುವುದನ್ನು ನೂರು ಸಲ ಕೇಳಿದ್ದೇನೆ, ಕೆಲಸಕ್ಕೇ ಹೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ನಾವು ಮೂವರೂ ಮೀನಿನ ಮಾರುಕಟ್ಟೆಗೆ ನಡೆದೆವು. ಅಂಜಲ್ ಎಷ್ಟು ತಾಜಾ ಎಂದರೆ, ಹೋಟೆಲಿನಲ್ಲಿ ಒಲೆ ಇಲ್ಲವಲ್ಲ ಎಂದು ಗಂಡನೂ ನಾನೂ ಒಟ್ಟಿಗೇ ಪೇಚಾಡಿದೆವು. ಕಡಲ ದಂಡೆಯುದ್ದಕ್ಕೂ ನಡೆದು ಕಾಲು ಸೋತಾಗ ಕರಕ್ ಚಹಾ ಕುಡಿದೆವು. ಗಂಡ ಮಗಳಿಗೆ ತಾನು ಕೂರಿಸಿದ ಏಸಿಗಳ ಕಥೆ ಹೇಳಿದರು. ಅವಳು ಆಶ್ಚರ್ಯವೆಂಬಂತೆ ಪೂರ್ತಿ ಕೇಳಿದಳು.

ಹೊರಡುವಾಗ ಕೌಂಟರಿನ ಹುಡುಗಿ ಬಗ್ಗಿ, "ನಿನ್ನೆ ನಿಮ್ಮ ಭಾಷೆಯಲ್ಲಿ ಏನು ಹೇಳಿದಿರಿ?" ಎಂದು ಪಿಸುಗುಟ್ಟಿದಳು. ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ನಮ್ಮಪ್ಪನೂ ಹಾಗೇ! ಅಮ್ಮ ಏನು ಕೇಳಿದರೂ ಬುಕ್ರಾ, ಬುಕ್ರಾ. ನಾಳೆ, ನಾಳೆ."

"ನಿಮ್ಮಮ್ಮ ಏನು ಮಾಡುತ್ತಾರೆ?"

"ಅಂಗಡಿಗೇ ಹೋಗಿ ಗಿರಾಕಿಗಳ ಎದುರು ಕೇಳುತ್ತಾರೆ," ಅಂದಳು. ಆ ಹೆಂಗಸನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಮುಂದಿನ ತಿಂಗಳು ಹೋಟೆಲು ತೆರೆಯಿತು. ಗಂಡ ಕಂಪನಿಯಲ್ಲಿ ಪಟ್ಟು ಹಿಡಿದು ನಿಜ್ವಾದ ಕೆಲಸವನ್ನೇ ಕೇಳಿ ಪಡೆದರು. ಈಗ ಸಂಜೆ ಆರಕ್ಕೆ ಮನೆಯಲ್ಲಿರುತ್ತಾರೆ. ಫ್ಯಾನು ಜೋರಾಯಿತು, ಸಾರು ನೀರಾಯಿತು, ರಿಮೋಟು ಎಲ್ಲಿ ಎಂದು ಮನೆಯಿಡೀ ಓಡಾಡುತ್ತಾರೆ. ನಾನೂ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಓದುತ್ತಾಳೆ.