ಚಕ್ರವರ್ತಿಯ ಮುಖ ತೊಳೆಯುವ ಅಲಮೇಲು

ಬೆಳಿಗ್ಗೆ ಆರೂವರೆ. ಮ್ಯಾನ್‌ಹಟನ್ನಿನ ಮ್ಯೂಸಿಯಂ ಒಂದರ ಹಿಂಬದಿಯ ಕೋಣೆಯಲ್ಲಿ ಅಲಮೇಲು ಬಾಯಿ ಮುಕ್ಕಳಿಸುತ್ತಾರೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನ ಎಡಗೆನ್ನೆಯ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿ ಕಪ್ಪಾಗುತ್ತದೆ. ಅದನ್ನೆಸೆದು ಇನ್ನೊಂದು ಕಡ್ಡಿ. ಚಕ್ರವರ್ತಿ ತುಟಿಪಿಟಕ್ಕೆನ್ನುವುದಿಲ್ಲ.

ನೂರೈವತ್ತು ವರ್ಷ ದಾಟಿದ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ ಇದು. ಸಿಗಾರಿನ ಹೊಗೆ, ಕೈಯ ಜಿಡ್ಡು ಎಲ್ಲ ಕುಡಿದು ಕೂತಿದೆ. ಎಂಜಲಿನಲ್ಲಿರುವ ಕಿಣ್ವಗಳು ಕಲ್ಲಿಗೆ ನೋವಾಗದಂತೆ ಈ ಕೊಳೆ ಬಿಡಿಸುತ್ತವೆ. ಆಮೇಲೆ ಶುದ್ಧ ನೀರಿನಲ್ಲಿ ಒರೆಸಿದರಾಯಿತು. ದಿನಕ್ಕೆ ನೂರಿಪ್ಪತ್ತು ಕಡ್ಡಿ, ಅಂಗೈಯಗಲ ಜಾಗ. ಮೀಸೆಗೇ ಒಂಬತ್ತು ದಿನ ಹಿಡಿಯಿತು. "ಸಂದಿಸಂದಿಲೂ ಧೂಳು. ಮೀಸೆ ತಿರುವಿಕೊಂಡಿರೋದು ಅವನು, ಕ್ಲೀನ್ ಮಾಡೋಳು ನಾನು. ಕೆಲಸ ಮುಗಿಯೋವರೆಗೂ ಕಾಫಿ ಕುಡಿಯೋ ಹಾಗಿಲ್ಲ, ಮೈಸೂರಿನೋಳಿಗೆ ಅದೇ ದೊಡ್ಡ ಶಿಕ್ಷೆ," ಎನ್ನುತ್ತಾರೆ.

ಅಯ್ಯಂಗಾರ್ ಮನೆಯ ಮಗಳು, ಕೆಮಿಸ್ಟ್ರಿ ಬಿಎಸ್ಸಿ. ಮದುವೆಯಾಗಿ ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದು, ಕೆಲಸ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ಏಳು ವರ್ಷ ಮನೆಯಲ್ಲೇ ಕೂತರು. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿ ಧೂಳು ಹೊಡೆಯುವ ಕೆಲಸಕ್ಕೆ ಸೇರಿದವರಿಗೆ ಒಂದು ದಿನ ಈ ವಿದ್ಯೆ ಹೇಳಿಕೊಟ್ಟಾಗ ಕಡ್ಡಿಯನ್ನು ಬಾಯಿಗೆ ಒಯ್ಯಲಾಗಲಿಲ್ಲವಂತೆ. "ಲೋಟ ಕಚ್ಚಿ ಕುಡಿದ್ರೆ ನಮ್ಮಜ್ಜಿ ಸುಮ್ನೆ ಬಿಡ್ತಿರ್ಲಿಲ್ಲ. ಮುಖಕ್ಕೆ ಎಂಜಲು ಹಚ್ಚು ಅಂದ್ರೆ? ರಾಜನೋ ದೇವರೋ, ಮೂರ್ತಿ ಮೂರ್ತೀನೇ ಅಲ್ವಾ?" ಎರಡು ವಾರ ಕದ್ದು ಬರೀ ನೀರಿನಲ್ಲಿ ಉಜ್ಜಿದರು. ಕೊಳೆ ಜಗ್ಗಲಿಲ್ಲ, ಬೈಸಿಕೊಂಡದ್ದೇ ಬಂತು. "ಮೂರನೇ ವಾರ, ಕ್ಷಮಿಸಪ್ಪಾ ಅಂತ ಹಚ್ಚೇಬಿಟ್ಟೆ."

ಅದಾಗಿ ಹನ್ನೊಂದು ವರ್ಷ. ಮನೆಯಲ್ಲಿ ಮಾತ್ರ ಇದು ಇನ್ನೂ ಗೊತ್ತಿಲ್ಲ. ಗಂಡ ಕೃಷ್ಣಸ್ವಾಮಿ ದಿನಾ ಸಾಲಿಗ್ರಾಮ ಪೂಜೆ ಮಾಡುವವರು. ನಾಲ್ಕಕ್ಕೇ ಎದ್ದು, ಉಪ್ಪು ಕೂಡ ರುಚಿ ನೋಡದೆ ನೈವೇದ್ಯಕ್ಕೆ ಅಡುಗೆ ಮಾಡಿಟ್ಟೇ ಅಲಮೇಲು ಬಸ್ ಹತ್ತುವುದು. ಹೆಂಡತಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಪ್ರತಿಮೆ ತೊಳೆಯುತ್ತಾಳೆಂದು ಅವರು ನಂಬಿದ್ದಾರೆ. ನಿಜ ತಿಳಿದರೆ ಇನ್ನು ಒಲೆ ಮುಟ್ಟಬೇಡ ಎಂದುಬಿಟ್ಟಾರೆಂಬ ಹೆದರಿಕೆ ಇವರಿಗೆ. ಆ ಅಡುಗೆಯೆಂದರೆ ಅಲಮೇಲುಗೆ ಪ್ರಾಣ.

ಹಾಗಾದರೆ ಈ ಲೇಖನದಲ್ಲೂ ನೀರು ಎಂದೇ ಹಾಕೋಣವೇ ಎಂದು ಕೇಳಿದರೆ, ಕಡ್ಡಿ ಕೆಳಗಿಡುತ್ತಾರೆ.

"ನಿಮ್ಮ ಭಾನುವಾರದ ಪೇಪರನ್ನ ಅವರು ಒಂದಕ್ಷರ ಬಿಡದೆ ಓದ್ತಾರೆ," ಎನ್ನುತ್ತಾರೆ. ಆಮೇಲೆ ದೀಪವನ್ನು ಚಕ್ರವರ್ತಿಯ ಮುಖದತ್ತ ತಿರುಗಿಸುತ್ತಾರೆ. "ನೋಡಿ ಇಲ್ಲಿ. ನೀರಿಂದ ಇಷ್ಟು ಬೆಳ್ಳಗಾಗತ್ತಾ? ಎಂಜಲು ಅಂತಲೇ ಬರೀರಿ."