ಗಿರಿಜಕ್ಕನ ಮಾನಿಟರಿನಲ್ಲಿ ತಂಗಿ

ರಿಟೈರಾದ ಮೇಲೆ ಕಂಪ್ಯೂಟರ್ ಕಲಿತವನು ನಾನು. ಯಾರಾದರೂ ರಿಪೇರಿಗೆ ಕರೆದರೆ ಮದುವೆಯೂಟಕ್ಕೆ ಕರೆದಷ್ಟೇ ಖುಷಿ. ಪಕ್ಕದ ಹಳ್ಳಿ ನಾರ್ವೆಯಿಂದ ಗಿರಿಜಕ್ಕ ಫೋನ್ ಮಾಡಿದರು. ಅಸ್ಸಾಮಿಗೆ ಮದುವೆಯಾಗಿ ಹೋದ ಅವರ ತಂಗಿ ಫೋಟೋಗಳ ಸಿ.ಡಿ. ಕಳಿಸಿದ್ದಳು. ಅವಳ ಮುಖ ನೋಡಿ ವರ್ಷಗಳೇ ಆಗಿದ್ದವು. ಪರದೆ ಮೇಲೆ ಮಾತ್ರ ಬರೀ 'ನೋ ಸಿಗ್ನಲ್'.

ಹೋಗಿ ನೋಡಿದರೆ ಸಿ.ಪಿ.ಯು. ಹಿಂದೆ ಮಾನಿಟರಿನ ವಯರು ಸರಿಯಾಗಿ ಕೂತಿರಲಿಲ್ಲ. ಎಳೆದೆ. ಪಿನ್ನುಗಳ ನಡುವೆ ಸೇವಂತಿಗೆ ಎಸಳು!

"ಇದೆಂತ ಗಿರಿಜಕ್ಕ?"

"ಆಯುಧಪೂಜೆಗೆ ಎಲ್ಲ ಬಿಚ್ಚಿ, ಒರೆಸಿ, ಹೂ ಇಟ್ಟಿದ್ದೆ ಮಾರಾಯ."

ಎಸಳು ತೆಗೆದು ಸಿಕ್ಕಿಸಿದೆ. ತಂಗಿ ಬಂದಳು. ಗಿರಿಜಕ್ಕ ಗಾಜು ಮುಟ್ಟಿ, "ಕೂದಲೆಲ್ಲ ಬೆಳ್ಳಗಾಯ್ತಲ್ಲೇ" ಎಂದರು. ನನಗೆ, "ಆರಿಸಬೇಡ, ಇಲ್ಲೇ ಎಲೆ ಹಾಕ್ತೇನೆ."

ಊಟದ ನಡುನಡುವೆ ಪರದೆ ತಾನಾಗಿ ಕಪ್ಪಾಗುತ್ತಿತ್ತು. "ಅಯ್ಯೋ, ಹೋದಳು!" ನಾನು ಎಡಗೈಯಲ್ಲಿ ಮೌಸ್ ಅಲ್ಲಾಡಿಸುತ್ತಿದ್ದೆ. "ಬಂದಳು!"

ಆ ಸೆಟ್ಟಿಂಗ್ ಬದಲಿಸಲು ನನಗೆ ಬರುತ್ತಿತ್ತು. ಬದಲಿಸಲಿಲ್ಲ.